ಬಾಗಿಲು ಅಷ್ಟು ಮೇಲೆ ಯಾಕೆ?

(ಅಕ್ಕ ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಾಳೆ. ತಂಗಿಯ ಸಂಸಾರ ಡಬ್ಲಿನ್‌ನಲ್ಲಿ. ಮಗನ ತರಗತಿಯವರು ಪ್ರವಾಸ ಹೊರಟಾಗ ಜೊತೆಗೆ ಹೋದ ತಾಯಂದಿರಲ್ಲಿ ಅವಳೂ ಒಬ್ಬಳು. ಭಾನುವಾರ ಫೋನಿನಲ್ಲಿ ನಡೆದ ಮಾತು.)

— ಎಲ್ಲಿಗೆ ಅಂದೆ? ಹೆಸರು ಇನ್ನೊಂದು ಸಲ ಹೇಳು.

— ಗ್ಲೆಂಡಲಾಕ್. ಡಬ್ಲಿನ್‌ನಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್, ವಿಕ್ಲೋ ಬೆಟ್ಟಗಳ ನಡುವೆ ಒಂದು ಕಣಿವೆ. ಎರಡು ಸರೋವರ, ಕಣಿವೆಯ ಬಾಯಲ್ಲಿ ಹಳೇ ಮಠ. 6ನೇ ಶತಮಾನದಲ್ಲಿ ಕೆವಿನ್ ಅನ್ನೋ ಸಂತ ಬಂದು ನೆಲೆಸಿದ ಜಾಗ ಅದು. ಇಲ್ಲಿ ಮೂರನೇ, ನಾಲ್ಕನೇ ತರಗತಿಯ ಚರಿತ್ರೆಯಲ್ಲಿ ಆದಿ ಕ್ರೈಸ್ತ ಐರ್ಲೆಂಡ್ ಅಂತ ಒಂದು ಭಾಗ ಇದೆ. ಅದು ಮುಗಿಸಿ, ಬೇಸಿಗೆ ರಜೆ ಶುರುವಾಗೋ ಮುಂಚೆ ಜೂನ್‌ನಲ್ಲಿ ಬಸ್ಸು ಮಾಡಿಕೊಂಡು ಹೊರಡ್ತಾರೆ.

— ನಾವು ಡಿಸೆಂಬರ್‌ನಲ್ಲಿ ಮಾಡೋದನ್ನ ನೀವು ಜೂನ್‌ನಲ್ಲಿ ಮಾಡ್ತೀರಿ. ಸರಿ, ಮಕ್ಕಳು ಏನು ನೋಡಿದರು?

— ಎಲ್ಲಾ ನೋಡಿದರು ಅಕ್ಕ. ದುಂಡು ಗೋಪುರ, ದೊಡ್ಡ ಚರ್ಚು, ಕೆವಿನ್‌ನ ಅಡುಗೆಮನೆ, ಶಿಲುಬೆ, ಸರೋವರ...

— ನೀನು ಹೇಳ್ತಿರೋದು ಏನು ತೋರಿಸಿದರು ಅನ್ನೋದು. ನಾನು ಕೇಳಿದ್ದು ಏನು ನೋಡಿದರು ಅಂತ. ನಾನೂ ವರ್ಷ ವರ್ಷ ಮಕ್ಕಳನ್ನ ಕಟ್ಟಿಕೊಂಡು ಹೋಗೋಳೇ ಕಣೇ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೂರೂ ಒಂದೇ ದಿನಕ್ಕೆ. ಕತ್ತಲಲ್ಲಿ ಬಸ್ಸು ಹತ್ತಿಸಿದರೆ ಕತ್ತಲಾದ ಮೇಲೇ ಇಳಿಸೋದು. ಮಾರನೇ ದಿನ ಪ್ರಬಂಧ ಬರೆಸು, ಮೊದಲ ಪುಟದಲ್ಲಿ ಬಸ್ಸಲ್ಲಿ ಯಾರು ಯಾರು ವಾಂತಿ ಮಾಡಿಕೊಂಡರು ಅನ್ನೋದು ಇರುತ್ತೆ. ಎರಡನೇ ಪುಟ ಪೂರ್ತಿ ಊಟ, ಐಸ್‌ಕ್ರೀಮು. ಗೊಮ್ಮಟನಿಗೆ ಒಂದೇ ಒಂದು ಸಾಲು: ತುಂಬಾ ಎತ್ತರ ಇದ್ದ.

— ವಾಂತಿ ಇಲ್ಲೂ ಆಯ್ತು. ವಿಕ್ಲೋ ರಸ್ತೆ ಬರೀ ತಿರುವು. ಆದರೆ ನನ್ನ ಪಾಲಿಗೆ ಬಂದಿದ್ದ ಗುಂಪು ಗೋಪುರದ ಬುಡದಲ್ಲಿ ನಿಂತುಬಿಡ್ತು. ಮುಂದಕ್ಕೆ ಬರೋಕೇ ತಯಾರಿಲ್ಲ. ಯಾಕೆ ಗೊತ್ತಾ? ಬಾಗಿಲು ನೆಲದಿಂದ ಮೂರೂವರೆ ಮೀಟರ್ ಮೇಲಿದೆ. ಹೋಗೋದು ಹೇಗೆ, ಅಷ್ಟು ಮೇಲೆ ಯಾಕಿಟ್ಟರು, ಇದೇ ಚರ್ಚೆ.

— ಅದು ನೋಡಿದ್ದು! ಗೋಪುರದ ಬಗ್ಗೆ ಹೇಳು.

— ಸುಮಾರು 30 ಮೀಟರ್ ಎತ್ತರ. ಅಭ್ರಕ ಬೆರೆತ ಪದರುಗಲ್ಲು, ಅಲ್ಲಲ್ಲಿ ಗ್ರಾನೈಟು. ಒಳಗೆ ಹಿಂದೆ ಮರದ ಅಟ್ಟಗಳಿದ್ದವು, ಒಂದರಿಂದ ಇನ್ನೊಂದಕ್ಕೆ ಏಣಿ. ನಡುವಿನ ಅಂತಸ್ತುಗಳಿಗೆ ಒಂದೊಂದು ಕಿರುಕಿಟಕಿ, ತುದಿಯಲ್ಲಿ ಮಾತ್ರ ನಾಲ್ಕು ದಿಕ್ಕಿಗೆ ನಾಲ್ಕು. ತಲೆ ಮೇಲಿನ ಶಂಕುವಿನಾಕಾರದ ಮಾಡು ಬಿದ್ದುಹೋಗಿತ್ತಂತೆ. 1876ರಲ್ಲಿ ಅದೇ ಕಲ್ಲುಗಳನ್ನ ಆರಿಸಿ ಮತ್ತೆ ಕಟ್ಟಿದರು. ಬಾಗಿಲಿನ ವಿಚಾರ ಗೈಡ್ ಹೇಳಿದರು. ವೈಕಿಂಗರು ಹಡಗಲ್ಲಿ ಬಂದು ಮಠ ಲೂಟಿ ಮಾಡ್ತಿದ್ದರು. ಗಂಟೆ ಬಾರಿಸಿದ ಕೂಡಲೇ ಸನ್ಯಾಸಿಗಳು ಪುಸ್ತಕ, ಬೆಳ್ಳಿ ಪಾತ್ರೆ ಎತ್ಕೊಂಡು ಏಣಿ ಹತ್ತಿ ಒಳಗೆ ಹೋಗಿ, ಏಣೀನೇ ಮೇಲಕ್ಕೆ ಎಳ್ಕೊಳ್ತಿದ್ದರು. ಹುಡುಗರಿಗಂತೂ ಹಬ್ಬ.

— ಯಾರೂ ಎದುರು ಕೇಳಲಿಲ್ವಾ?

— ಒಬ್ಬ ಹುಡುಗಿ ಕೇಳಿದಳು. ಬಾಗಿಲಿಗೆ ಬೆಂಕಿ ಇಟ್ಟರೆ? ಒಳಗಡೆ ಎಲ್ಲ ಮರ ಅಲ್ವಾ ಅಂದಳು. ಗೈಡ್ ನಕ್ಕು, ಒಳ್ಳೇ ಪ್ರಶ್ನೆ ಅಂದು ಮುಂದಕ್ಕೆ ಕರ್ಕೊಂಡು ಹೋದರು.

— ಆ ಹುಡುಗಿಗೆ ಉತ್ತರ ಸಿಗಬೇಕಿತ್ತು. ನೀನು ಫೋಟೋ ಕಳಿಸಿದ ಮೇಲೆ ನಾನೂ ಒಂದಿಷ್ಟು ಓದಿದೆ. 950ರಲ್ಲಿ ಸ್ಲೇನ್ ಅನ್ನೋ ಊರಿನ ಗಂಟೆಗೋಪುರಕ್ಕೆ ಡಬ್ಲಿನ್ನಿನ ವೈಕಿಂಗರು ಬೆಂಕಿ ಇಟ್ಟರು ಅಂತ ಐರಿಷ್ ವಾರ್ಷಿಕ ದಾಖಲೆಗಳಲ್ಲೇ ಬರೆದಿದೆ. ಒಳಗಿದ್ದ ಜನ, ಸಂತನ ದಂಡ, ಗಂಟೆ ಎಲ್ಲಾ ಬೂದಿ. ಮಠದ ಉಪಾಧ್ಯಾಯರೂ ಅದರಲ್ಲೇ ಹೋದರು. ಕೊಳವೆ ಥರ ಇರೋ ಕಟ್ಟಡ, ಮೇಲೆ ಕಿಟಕಿ, ಒಳಗೆ ಮರದ ಅಟ್ಟ. ಕೆಳಗಿಂದ ಬೆಂಕಿ ಕೊಟ್ಟರೆ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಒಲೆ ಹಚ್ಚಿದ ಯಾವ ಹೆಂಗಸಾದರೂ ಹೇಳ್ತಾಳೆ. ಆ ಹುಡುಗಿ ಒಂಬತ್ತು ವರ್ಷಕ್ಕೇ ಅದನ್ನ ಹಿಡಿದಳು ನೋಡು.

— ಹಾಗಾದರೆ ಬಾಗಿಲು ಯಾಕೆ ಮೇಲೆ?

— ಆ ಗೋಪುರಗಳಿಗೆ ಪಾಯ ತುಂಬಾ ಆಳ ಇರಲ್ಲ, ಎಷ್ಟೋ ಕಡೆ ಒಂದು ಮೀಟರ್ ಕೂಡ ಇಲ್ಲ. ಅಷ್ಟು ಎತ್ತರದ ಸುತ್ತುಗೋಡೆಗೆ ಬುಡದಲ್ಲೇ ತೂತು ಕೊರೆದರೆ ಗೋಡೆ ಸಡಿಲ ಆಗುತ್ತೆ. ಬಾಗಿಲು ಮೇಲಿಟ್ಟು ಬುಡ ಗಟ್ಟಿ ಮಾಡಿಕೊಂಡರು ಅನ್ನೋದು ಒಂದು ವಾದ. ಇಷ್ಟು ಮಾತ್ರ ಖಚಿತ, ಅದು ಮುಖ್ಯವಾಗಿ ಗಂಟೆಯ ಗೋಪುರ. ಐರಿಷ್ ಭಾಷೆಯಲ್ಲೇ ಅದನ್ನ ಗಂಟೆಮನೆ ಅಂತ ಕರೆದಿದ್ದಾರಂತೆ. ಹೊಲದಲ್ಲಿರೋರಿಗೆ, ಕಾಡಲ್ಲಿರೋರಿಗೆ ಪ್ರಾರ್ಥನೆಯ ಹೊತ್ತು ತಿಳಿಸಬೇಕು, ದೂರದಿಂದ ಬರೋ ಯಾತ್ರಿಕನಿಗೆ ಕಣಿವೆಯಲ್ಲಿ ಗುರುತು ಸಿಗಬೇಕು. ಬೆಲೆ ಬಾಳೋದನ್ನ ಒಳಗಿಟ್ಟು ಬೀಗ ಹಾಕ್ತಿದ್ದಿರಲೂಬಹುದು. ಓಡಿ ಹೋಗಿ ಅಡಗೋದು ಅನಾಹುತಕಾಲದ ಮಾತು. ಅದಕ್ಕೇ ಕಟ್ಟಿದ್ದು ಅನ್ನೋದು ಸಿನಿಮಾ.

— ನನ್ನ ಮಗ ಇನ್ನೊಂದು ಪ್ರಶ್ನೆ ಕೇಳಿ ಎಲ್ಲರನ್ನೂ ನಗಿಸಿದ. ಇಲ್ಲಿಗೆ ಆವಾಗ ಇಂಡಿಯಾದೋರು ಯಾರಾದ್ರೂ ಬಂದಿದ್ರಾ ಅಂತ.

— ನಗೋದೇನು ಬಂತು? ಬಂದಿದ್ದರು ಅಂತ ಪುಸ್ತಕವೇ ಇದೆ! 1834ರಲ್ಲಿ ಹೆನ್ರಿ ಓಬ್ರಿಯನ್ ಅನ್ನೋ ಐರಿಷ್‌ನವನು ಒಂದು ದೊಡ್ಡ ಪುಸ್ತಕ ಬರೆದ. ಈ ದುಂಡು ಗೋಪುರಗಳನ್ನ ಕಟ್ಟಿದ್ದು ಕ್ರೈಸ್ತರಲ್ಲ, ಪೂರ್ವದಿಂದ ಬಂದ ಬೌದ್ಧರು, ಇವು ಲಿಂಗಪೂಜೆಯ ಗುಡಿಗಳು ಅಂತ ಅವನ ವಾದ. ಬೌದ್ಧರನ್ನೂ ಲಿಂಗವನ್ನೂ ಒಟ್ಟಿಗೆ ಗಂಟು ಹಾಕಿದ ಧೈರ್ಯ ನೋಡು. ಗೋಪುರಗಳ ಮೂಲದ ಬಗ್ಗೆ ಅಲ್ಲಿನ ರಾಯಲ್ ಐರಿಷ್ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಇಟ್ಟಿತ್ತು. ಬಹುಮಾನ ಹೋಗಿದ್ದು ಜಾರ್ಜ್ ಪೆಟ್ರಿಗೆ. ಅವರು ಊರೂರು ಅಲೆದು ಅಳೆದು, ಚಿತ್ರ ಬರೆದು, ಹಳೇ ಬರಹಗಳ ಜೊತೆ ಹೋಲಿಸಿ, ಇವು ಮಠಗಳಿಗೆ ಸೇರಿದ ಗಂಟೆಗೋಪುರಗಳು ಅಂತ ತೋರಿಸಿದರು. ಅವರ ಪುಸ್ತಕ ಬಂದಿದ್ದು 1845ರಲ್ಲಿ. ಓಬ್ರಿಯನ್‌ಗೆ ಸಮಾಧಾನಕ್ಕೆ ಅಂತ ಸ್ವಲ್ಪ ದುಡ್ಡು ಕೊಟ್ಟರು, ಅವನಿಗೆ ಸಮಾಧಾನ ಆಗಲಿಲ್ಲ. ನಿನ್ನ ಮಗನಿಗೆ ಹೇಳು, ನೀನು ಕೇಳಿದ ಪ್ರಶ್ನೆಗೆ ಒಬ್ಬ ತಪ್ಪು ಉತ್ತರ ಕೊಟ್ಟು ಹೆಸರು ಮಾಡಿದ್ದಾನೆ ಅಂತ.

— ಹೇಳ್ತೀನಿ, ಕುಣಿದಾಡ್ತಾನೆ. ಅಕ್ಕ, ನಿನಗೆ ಒಂದು ವಿಷಯ ಹೇಳಬೇಕು. ಅಲ್ಲಿ ಓಡಾಡುವಾಗ ನನಗೆ ನಿರಾಸೆ ಆಯ್ತು. ಜಾಗ ಸುಂದರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಠ ಅಂತ ನೋಡೋಕೆ ಇರೋದು ಸ್ಮಶಾನ. ದೊಡ್ಡ ಚರ್ಚಿಗೆ ಚಾವಣಿಯಿಲ್ಲ. ಸುತ್ತ ಸಮಾಧಿಗಲ್ಲು, ಎಷ್ಟೋ ಕಲ್ಲು ಮೊನ್ನೆ ಮೊನ್ನೆ ಅನ್ನೋ ಹಾಗೆ 18, 19ನೇ ಶತಮಾನದವು. ಮಕ್ಕಳಿಗೆ ಇಲ್ಲಿ ಒಂದು ಕಾಲದಲ್ಲಿ ಜನ ಬದುಕಿದ್ದರು ಅಂತ ಅನ್ನಿಸೋದು ಹೇಗೆ?

— ಅಲ್ಲೇ ನಾವು ಮೇಷ್ಟ್ರುಗಳು ಸೋಲೋದು. ಉಳಿದಿರೋದು ಕಲ್ಲು, ಆದ್ದರಿಂದ ಕಲ್ಲನ್ನೇ ತೋರಿಸ್ತೀವಿ. ಬದುಕು ಇದ್ದಿದ್ದು ಮರದಲ್ಲಿ, ಹೆಣೆದ ಕಡ್ಡಿಗೋಡೆಯಲ್ಲಿ, ಮಣ್ಣಲ್ಲಿ. ಅದೆಲ್ಲ ಕೊಳೆತು ಹೋಗಿ ಸಾವಿರ ವರ್ಷ ಆಯ್ತು. ಈಗ ನಿಂತಿರೋ ಕಟ್ಟಡಗಳು ಬಹುಮಟ್ಟಿಗೆ 10ರಿಂದ 12ನೇ ಶತಮಾನದವು. ಕೆವಿನ್ ಸತ್ತಿದ್ದು 7ನೇ ಶತಮಾನದ ಆರಂಭದಲ್ಲಿ. ಅಂದರೆ ಸಂತನ ಹೆಸರು ಹೊತ್ತ ಗೋಡೆಗಳು ಎದ್ದಿದ್ದು ಅವನು ಹೋಗಿ ನೂರಾರು ವರ್ಷ ಆದಮೇಲೆ. ಇದನ್ನ ಮಕ್ಕಳಿಗೆ ಮೊದಲೇ ಹೇಳಿದರಾ?

— ಹೇಳಲಿಲ್ಲ. 120 ವರ್ಷ ಬದುಕಿದ್ದ ಅಂತ ಹೇಳಿದರು.

— ಶಿವನೇ!

— ಅಡುಗೆಮನೆ ಅಂತೂ ಎಲ್ಲರಿಗೂ ಇಷ್ಟ ಆಯ್ತು. ಪುಟ್ಟ ಚರ್ಚು, ಪೂರ್ತಿ ಕಲ್ಲಿನದೇ ಕಡಿದಾದ ಮಾಡು. ಅದರ ಮೇಲೆ ಒಂದು ಪುಟಾಣಿ ದುಂಡು ಗೋಪುರ, ಗಂಟೆಗೆ ಕಟ್ಟಿದ್ದು. ನೋಡಿದರೆ ಥೇಟ್ ಹೊಗೆಕೊಳವೆ. ಅದಕ್ಕೇ ಜನ ಕೆವಿನ್‌ನ ಅಡುಗೆಮನೆ ಅಂದುಬಿಟ್ಟರು. ಅಲ್ಲಿ ಯಾರೂ ಅನ್ನ ಬೇಯಿಸಿಲ್ಲ.

— ನಿಜವಾದ ಅಡುಗೆಮನೆ ಎಲ್ಲಿತ್ತು ಅಂತ ಕೇಳಬೇಕಿತ್ತು. ಎಷ್ಟು ಜನಕ್ಕೆ ಅಡುಗೆ, ಹಿಟ್ಟು ಎಲ್ಲಿಂದ, ಹಸು ಎಷ್ಟು, ಕರೆಯೋರು ಯಾರು? ಮಠ ಅಂದ ಕೂಡಲೇ ಕಣ್ಮುಚ್ಚಿ ಕೂತ ನಾಲ್ಕು ಜನ ಅಂದ್ಕೋಬೇಡ. ಶುರುವಾಗಿದ್ದು ಹಾಗೇ ಇರಬಹುದು. ಈಜಿಪ್ಟಿನ ಮರುಭೂಮಿಯಲ್ಲಿ ಆಂಟನಿ, ಪಾಲ್ ಅನ್ನೋ ಸನ್ಯಾಸಿಗಳು ಊರು ಬಿಟ್ಟು ಕೂತರಲ್ಲ, ಅದೇ ಮಾದರಿ ಅಲ್ಲೆಲ್ಲೋ ತುದಿಯ ದ್ವೀಪಕ್ಕೆ ಬಂತು. ಕಿಲ್ಡೇರ್ ಜಿಲ್ಲೆಯ ಮೂನ್ ಅನ್ನೋ ಊರಿನ ಎತ್ತರದ ಶಿಲುಬೆ ಮೇಲೆ ಆ ಇಬ್ಬರು ರೊಟ್ಟಿ ಹಂಚಿಕೊಳ್ಳೋ ಚಿತ್ರ ಕೆತ್ತಿದ್ದಾರೆ. ಐರ್ಲೆಂಡಿನಲ್ಲಿ ಮರುಭೂಮಿ ಇಲ್ಲ, ಅದಕ್ಕೇ ಕಾಡು, ಕಣಿವೆ, ಕಡಲ ನಡುವಿನ ಬಂಡೆ ಹುಡುಕಿದರು. ಆದರೆ ಸಂತ ಏಕಾಂತಕ್ಕೆ ಹೋದ ಅಂದರೆ ಹಿಂದೇನೇ ಶಿಷ್ಯರು ಬರ್ತಾರೆ. ಶಿಷ್ಯರ ಹಿಂದೆ ಭಕ್ತರು, ಅವರ ಹಿಂದೆ ದಾನ, ದಾನದ ಹಿಂದೆ ಜಮೀನು. 11, 12ನೇ ಶತಮಾನದ ಹೊತ್ತಿಗೆ ಅದೊಂದು ಪೇಟೆ. ಕಮ್ಮಾರರು, ಬಡಗಿಗಳು, ಮಠದ ಹೊಲ ಉಳೋ ಸಂಸಾರಸ್ಥ ಒಕ್ಕಲುಗಳು, ಓದೋಕೆ ಬಂದ ಹುಡುಗರು, ಯಾತ್ರಿಕರು.

— ಸಂದರ್ಶಕರ ಕೇಂದ್ರದಲ್ಲಿ ಹಾಗೇ ಒಂದು ಮಾದರಿ ಮಾಡಿಟ್ಟಿದ್ದಾರೆ. ಪುಟ್ಟ ಪುಟ್ಟ ಮನೆ, ಬೇಲಿ, ದನ. ಒಂದು ಸಣ್ಣ ಚಿತ್ರಾನೂ ತೋರಿಸ್ತಾರೆ. ಕಳೆದ ಸಲ ಮನೆಯವರ ಜೊತೆ ಹೋದಾಗ ಅದರ ಹತ್ರ ತಲೆ ಹಾಕಿರಲಿಲ್ಲ, ಈ ಸಲ ಮಕ್ಕಳು ಅದಕ್ಕೆ ಮುತ್ತಿಕೊಂಡರು. ಪುಸ್ತಕ ಮಾಡೋದು ಹೇಗೆ ಅಂತಾನೂ ಟೀಚರ್ ಹೇಳಿಕೊಟ್ಟಿದ್ದರು. ಕರುವಿನ ಚರ್ಮ ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿ ಹಾಳೆ ಮಾಡೋದು. ಓಕ್ ಮರದ ಗಂಟಿನಿಂದ ಶಾಯಿ, ಹಂಸದ ಗರಿಯ ಲೇಖನಿ.

— ನಿನ್ನ ಮಗ ಏನಂದ? ಮೊಟ್ಟೇನೂ ತಿನ್ನಲ್ಲ ಅವನು.

— ಮುಖ ಸಪ್ಪಗಾಯ್ತು. ದೇವರ ಮಾತು ಬರೆಯೋಕೆ ಕರು ಕೊಂದರಾ ಅಂತ ಕೇಳಿದ. ನನಗೆ ಏನು ಹೇಳಬೇಕೋ ತೋಚಲಿಲ್ಲ.

— ಹೌದು ಅಂತ ಹೇಳು, ಮುಚ್ಚಿಡೋದೇನಿದೆ? ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಇಟ್ಟಿದ್ದಾರಲ್ಲ, ಸುಮಾರು 800ನೇ ಇಸವಿಯ ಬುಕ್ ಆಫ್ ಕೆಲ್ಸ್, ಅದರಲ್ಲಿ ಈಗ 340 ಹಾಳೆ ಉಳಿದಿವೆ. ಅದೊಂದಕ್ಕೇ 150ಕ್ಕೂ ಹೆಚ್ಚು ಕರು ಬೇಕಾಗಿತ್ತು ಅನ್ನೋದು ಅಂದಾಜು. ಆದರೆ ಇಷ್ಟಕ್ಕೇ ನಿಲ್ಲಿಸಬೇಡ. ಆ ಕಾಲದ ಐರ್ಲೆಂಡು ಹಾಲಿನ ನಾಡು. ಸಿರಿವಂತಿಕೆ ಅಳೆಯೋದೇ ಹಸುವಿನ ಲೆಕ್ಕದಲ್ಲಿ. ಹಾಲು ಬೇಕು ಅಂದರೆ ಹಸು ಈಯಬೇಕು, ಈದದ್ದರಲ್ಲಿ ಅರ್ಧ ಗಂಡುಕರು. ಉಳೋದಕ್ಕೆ ಒಂದಷ್ಟು ಬಿಟ್ಟರೆ ಉಳಿದವಕ್ಕೆ ಮೇವು ಹಾಕಿ ಚಳಿಗಾಲ ದಾಟಿಸೋರು ಯಾರು? ಪುಸ್ತಕ ಬಂದಿದ್ದು ಕೊಟ್ಟಿಗೆಯ ಲೆಕ್ಕದಿಂದ. ಇವತ್ತು ನಮ್ಮ ಊರಲ್ಲಿ ಡೇರಿಗೆ ಹಾಲು ಹಾಕೋರ ಮನೆ ಗಂಡುಕರು ಎಲ್ಲಿಗೆ ಹೋಗುತ್ತೆ ಅಂತ ನನ್ನ ತರಗತಿ ಹುಡುಗರಿಗೆ ಚೆನ್ನಾಗಿ ಗೊತ್ತು. ಅವರಿಗೆ ಈ ಪಾಠ ಮಾಡಿದರೆ ನಿನ್ನ ಡಬ್ಲಿನ್ ಮಕ್ಕಳಿಗಿಂತ ಬೇಗ ತಲೆಗೆ ಹೋಗುತ್ತೆ.

— ನೀನು ಎಲ್ಲಾನೂ ಲೆಕ್ಕಕ್ಕೆ ತಂದುಬಿಡ್ತೀಯ ಅಕ್ಕ. ಮಕ್ಕಳಿಗೆ ಕಥೆ ಬೇಡವಾ? ಕೆವಿನ್ ಕೈ ಚಾಚಿ ಪ್ರಾರ್ಥನೆ ಮಾಡುವಾಗ ಅಂಗೈ ಮೇಲೆ ಒಂದು ಕರಿ ಹಕ್ಕಿ ಬಂದು ಗೂಡು ಕಟ್ಟಿ ಮೊಟ್ಟೆ ಇಟ್ಟಿತಂತೆ. ಮರಿ ಆಗಿ ಹಾರೋವರೆಗೂ ಅವನು ಕೈ ಅಲ್ಲಾಡಿಸಲಿಲ್ಲ. ಅದನ್ನ ಕೇಳಿ ಇಡೀ ತರಗತಿ ಕೈ ಚಾಚಿ ನಿಂತಿತು, ಯಾರು ಜಾಸ್ತಿ ಹೊತ್ತು ನಿಲ್ತಾರೆ ಅಂತ ಪಂದ್ಯ. ತುಂಟ ಅಂದ್ರೆ ತುಂಟ ಅನ್ನೋ ಒಬ್ಬ ಹುಡುಗ ಗೆದ್ದ. ಅವನು ಆ ದಿನ ಮತ್ತೆ ಗಲಾಟೆ ಮಾಡಲಿಲ್ಲ.

— ಕಥೆ ಬೇಡ ಅಂದೆನಾ? ಒಳ್ಳೇ ಕಥೆ ಅದು. 12ನೇ ಶತಮಾನದ ಕೊನೆಗೆ ವೇಲ್ಸಿನ ಜೆರಾಲ್ಡ್ ಅನ್ನೋ ಪಾದ್ರಿ ಐರ್ಲೆಂಡಿನ ಬಗ್ಗೆ ಬರೆದ ಪುಸ್ತಕದಲ್ಲಿ ಅದು ಬರುತ್ತೆ. ಕೆವಿನ್ ಸತ್ತು ಐದುನೂರು ವರ್ಷಕ್ಕೂ ಮೇಲೆ ಆಗಿತ್ತು. ಇದು ಕಥೆ, ಇದನ್ನ ಬರೆದವರು ಇಂಥವರು, ಇಷ್ಟು ವರ್ಷ ಆದಮೇಲೆ ಅಂತ ಒಂದು ಮಾತು ಸೇರಿಸು, ಸಾಕು. ಕಥೆಯ ರುಚಿ ಕೆಡಲ್ಲ. ಮಕ್ಕಳಿಗೆ ಕಥೆ ಯಾವುದು, ನಡೆದದ್ದು ಯಾವುದು ಅಂತ ಗೊತ್ತಾಗಲ್ಲ ಅಂದ್ಕೊಂಡಿರೋದು ದೊಡ್ಡವರು.

— ಹೆಬ್ಬಾತಿನ ಕಥೆ ಗೊತ್ತಾ? ಅಲ್ಲಿನ ರಾಜ ಓಟೂಲ್‌ಗೆ ಒಂದು ಪ್ರೀತಿಯ ಹೆಬ್ಬಾತು. ಮುದಿಯಾಗಿ ಹಾರೋಕಾಗ್ತಿರಲಿಲ್ಲ. ಅದನ್ನ ಗುಣ ಮಾಡಿಕೊಡು ಅಂದ ರಾಜ. ಗುಣ ಆದಮೇಲೆ ಅದು ಹಾರಿ ಸುತ್ತಿದಷ್ಟೂ ನೆಲ ನನಗೆ ಕೊಡ್ತೀಯಾ ಅಂದ ಕೆವಿನ್. ಹಕ್ಕಿ ಇಡೀ ಕಣಿವೆ ಸುತ್ತಿ ಬಂತು.

— ಅದಕ್ಕೆ ನಾನು ಚಪ್ಪಾಳೆ ತಟ್ಟೋದು. ಮಠಕ್ಕೆ ಅಷ್ಟು ಜಮೀನು ಎಲ್ಲಿಂದ ಬಂತು ಅನ್ನೋ ಪ್ರಶ್ನೆಗೆ ಊರವರು ಕಟ್ಟಿಕೊಂಡ ಉತ್ತರ ಅದು. ದಾನಶಾಸನ ಇಲ್ಲದ ಕಡೆ ಹೆಬ್ಬಾತು. ಸರಿ, ಹೆಂಗಸಿನ ಕಥೆ ಹೇಳಿದರಾ?

— ಯಾವ ಹೆಂಗಸು?

— ಹೇಳಿರಲ್ಲ ಬಿಡು. ಕೆವಿನ್ ಚೆಲುವ, ಒಬ್ಬ ಹುಡುಗಿ ಅವನ ಹಿಂದೆ ಬಿದ್ದಳು. ಹಳೇ ಲ್ಯಾಟಿನ್ ಚರಿತ್ರೆಯಲ್ಲಿ ಅವನು ತುರಿಕೆ ಸೊಪ್ಪಿನಿಂದ ಅವಳನ್ನ ಬಾರಿಸ್ತಾನೆ, ಅವಳು ಪಶ್ಚಾತ್ತಾಪ ಪಟ್ಟು ಭಕ್ತೆ ಆಗ್ತಾಳೆ. 19ನೇ ಶತಮಾನಕ್ಕೆ ಬಂದರೆ ಕಥೆ ಇನ್ನೂ ಘೋರ. ಕವಿ ಥಾಮಸ್ ಮೂರ್ ಕಟ್ಟಿದ ಹಾಡಿನಲ್ಲಿ ಅವಳ ಹೆಸರು ಕ್ಯಾಥ್ಲೀನ್, ಅವನು ಅವಳನ್ನ ಬಂಡೆಯಿಂದ ಸರೋವರಕ್ಕೇ ತಳ್ಳಿಬಿಡ್ತಾನೆ. ಹಕ್ಕಿ ಮೊಟ್ಟೆಗೆ ಕೈ ಅಲ್ಲಾಡಿಸದವನು ಹೆಣ್ಣನ್ನ ನೂಕಿದ. ಎರಡೂ ಒಬ್ಬನ ಮೇಲೇ ಇರೋ ಕಥೆ. ಒಂಬತ್ತು ವರ್ಷದ ಮಕ್ಕಳಿಗೆ ಬೇಡ, ಒಪ್ತೀನಿ. ನನ್ನ ಹತ್ತನೇ ತರಗತಿಗೆ ಆಗಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು, ಇದನ್ನ ಕಟ್ಟಿದವರು ಎಂಥವರು ಅಂತ ಕೇಳ್ತಿದ್ದೆ. ಹೆಣ್ಣುಮಕ್ಕಳು ಸರಿಯಾಗೇ ಉತ್ತರ ಕೊಡ್ತಾರೆ.

— ಅಬ್ಬಾ. ಆ ಬಂಡೆ ಕಡೆಗೆ ಕೈ ತೋರಿಸಿ ಎಷ್ಟು ಚೆಂದ ಅಂದ್ಕೊಂಡು ಊಟದ ಡಬ್ಬಿ ಬಿಚ್ಚಿದ್ವಿ. ಮೇಲಿನ ಸರೋವರದ ಆಚೆ ದಡದಲ್ಲಿ, ನೀರಿಂದ ಸ್ವಲ್ಪ ಮೇಲೆ, ಬಂಡೆಯಲ್ಲಿ ಒಂದು ಗೂಡು ಇದೆ. ಕೆವಿನ್‌ನ ಹಾಸಿಗೆ ಅಂತಾರೆ. ಒಬ್ಬ ಮನುಷ್ಯ ತೂರಿ ಮಲಗುವಷ್ಟೇ ಜಾಗ. ಕೆವಿನ್‌ಗಿಂತ ಎಷ್ಟೋ ಹಳೇದು, ಕಂಚಿನ ಯುಗದ್ದಿರಬಹುದು ಅಂತಲೂ ಹೇಳ್ತಾರೆ. ಅಲ್ಲಿಗೆ ಮಕ್ಕಳನ್ನ ಬಿಡಲ್ಲ, ಈಚೆ ದಡದಿಂದಲೇ ನೋಡಬೇಕು.

— ನಮ್ಮ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಭದ್ರಬಾಹು ಗುಹೆ ಮುಂದೆ ನನ್ನ ಮಕ್ಕಳು ಕೇಳೋದೂ ಒಂದೇ ಪ್ರಶ್ನೆ. ಇಲ್ಲಿ ಮಲಗಿದರೆ ಚಳಿ ಆಗಲ್ವಾ ಮಿಸ್? ಆ ಬೆಟ್ಟದ ಅತಿ ಹಳೇ ಶಾಸನವೂ ಹೆಚ್ಚು ಕಡಿಮೆ ನಿನ್ನ ಕೆವಿನ್ ಕಾಲದ್ದೇ. ಆದರೆ ನಮ್ಮಲ್ಲಿ ಊಟ ಬಿಟ್ಟು ಪ್ರಾಣ ಬಿಟ್ಟವರ ಹೆಸರನ್ನ ಬಂಡೆ ಮೇಲೆ ಬರೆದಿಟ್ಟಿದ್ದಾರೆ. ಯಾರು, ಯಾವ ಸಂಘದವರು, ಹೇಗೆ ಹೋದರು ಅಂತ ಓದಬಹುದು. ಮಕ್ಕಳು ಅದರ ಮೇಲೇ ನಡ್ಕೊಂಡು ಹೋಗ್ತಾರೆ, ದೊಡ್ಡ ಬೆಟ್ಟ ಹತ್ತೋ ಅವಸರದಲ್ಲಿ. ಅದು ನನ್ನ ಹೊಟ್ಟೆಯುರಿ.

— ವೈಕಿಂಗರ ಬಗ್ಗೆ ಹೇಳು. ಹುಡುಗರಿಗೆ ಅದೇ ಬೇಕಾಗಿದ್ದು. ಕೊಂಬಿನ ಟೋಪಿ, ಕೊಡಲಿ.

— ಕೊಂಬಿನ ಟೋಪಿ ಅವರು ಹಾಕ್ಕೊಂಡೇ ಇರಲಿಲ್ಲ, ಅದು 19ನೇ ಶತಮಾನದ ರಂಗದ ವೇಷ. ವೈಕಿಂಗರು ಬಂದಿದ್ದು ನಿಜ, ಸುಟ್ಟಿದ್ದು ನಿಜ. ಐರ್ಲೆಂಡಿನ ಮೇಲೆ ಮೊದಲ ದಾಳಿ 795ರಲ್ಲಿ. ಆದರೆ ಮಠಗಳನ್ನ ಸುಟ್ಟವರು ಅವರೊಬ್ಬರೇ ಅಂತ ಮಕ್ಕಳ ತಲೆಗೆ ತುಂಬೋದು ತಪ್ಪು. ಅವರಿನ್ನೂ ಬರದೇ ಇದ್ದ 764ರಲ್ಲಿ ಕ್ಲೋನ್‌ಮಕ್ನಾಯ್ಸ್ ಮಠಕ್ಕೂ ಡರೋ ಮಠಕ್ಕೂ ಯುದ್ಧ ಆಯ್ತು. ಡರೋ ಕಡೆ 200 ಜನ ಸತ್ತರು ಅಂತ ದಾಖಲೆ. ಎರಡೂ ಕ್ರೈಸ್ತ ಮಠ! ಮುಂದೆ 833ರಲ್ಲಿ ಕ್ಲೋನ್‌ಮಕ್ನಾಯ್ಸ್ ಮೇಲೆ ಬಿದ್ದು, ಜನರನ್ನ ಕೊಂದು, ಚರ್ಚಿನ ಬಾಗಿಲವರೆಗೆ ಸುಟ್ಟವನು ಮನ್ಸ್ಟರ್ ಪ್ರಾಂತದ ಐರಿಷ್ ರಾಜ ಫೆಡೆಲ್ಮಿಡ್. ಗ್ಲೆಂಡಲಾಕ್ ಕೂಡ ಮತ್ತೆ ಮತ್ತೆ ಸುಟ್ಟಿದೆ. ಹೊರಗಿನವರಿಂದ, ಒಳಗಿನವರಿಂದ, ಮರದ ಮನೆಗಳ ಒಲೆಯಿಂದ. 1398ರಲ್ಲಿ ಇಂಗ್ಲಿಷ್ ಪಡೆ ಹಾಳುಗೆಡವಿತು. ಶತ್ರು ಅಂದರೆ ಯಾವಾಗಲೂ ಹಡಗಲ್ಲಿ ಬರೋನು ಅಂತ ಕಲಿಸಿದರೆ ಮುಂದೆ ಅದೇ ಕಣ್ಣಲ್ಲಿ ಎಲ್ಲಾನೂ ನೋಡ್ತಾರೆ. ನಮ್ಮಲ್ಲಿ ಹಂಪಿ ತೋರಿಸುವಾಗಲೂ ನನಗೆ ಇದೇ ತೊಂದರೆ, ಅದು ಬಿಡು.

— ಮಠದ ಬಾಗಿಲಲ್ಲೇ ಒಂದು ಕಲ್ಲಿದೆ ಅಕ್ಕ. ಜೋಡಿ ಕಮಾನಿನ ದ್ವಾರ, ಐರ್ಲೆಂಡಿನಲ್ಲಿ ಅಂಥದ್ದು ಇನ್ನೊಂದಿಲ್ಲವಂತೆ. ಅದನ್ನ ದಾಟಿದ ಕೂಡಲೇ ಗೋಡೆಯಲ್ಲಿ ಶಿಲುಬೆ ಕೊರೆದ ಬಂಡೆ. ಅದರಿಂದ ಒಳಗೆ ಬಂದವನನ್ನ ಯಾರೂ ಮುಟ್ಟೋ ಹಾಗಿಲ್ಲ, ಆಶ್ರಯ ಸಿಕ್ಕಂತೆ. ಮಕ್ಕಳು ಅದನ್ನ ಮುಟ್ಟಾಟ ಮಾಡಿಕೊಂಡರು. ಒಂದು ಕಾಲು ಒಳಗೆ, ಒಂದು ಹೊರಗೆ.

— ಆಟ ಮುಗಿದ ಮೇಲೆ ಏನಾದರೂ ಕೇಳಿದರಾ?

— ಕಳ್ಳ ಬಂದರೂ ಒಳಗೆ ಬಿಡ್ತಿದ್ರಾ ಅಂದರು. ಕೊಲೆಗಾರ ಬಂದರೆ? ಎಷ್ಟು ದಿನ ಇಟ್ಟುಕೊಳ್ತಿದ್ರು, ಊಟ ಯಾರು ಹಾಕ್ತಿದ್ರು? ಟೀಚರ್ ಅಲ್ಲೇ ಎಲ್ಲರನ್ನೂ ಕೂರಿಸಿ, ನೀವು ಮಠದ ಹಿರಿಯರಾಗಿದ್ದರೆ ಏನು ಮಾಡ್ತಿದ್ರಿ ಅಂತ ಕೇಳಿಬಿಟ್ಟರು. ಕೈಯಲ್ಲಿ ತುಂಬಿಸೋಕೆ ಹಾಳೆ ಕೊಟ್ಟಿದ್ದರು, ಗೋಪುರದ ಎತ್ತರ ಎಷ್ಟು, ಚರ್ಚು ಎಷ್ಟು ಅಂತ. ಅದು ಅರ್ಧಕ್ಕೇ ನಿಂತಿತು. ಯಾರೂ ಅದರ ಗೋಜಿಗೆ ಹೋಗಲಿಲ್ಲ.

— ಆ ಟೀಚರಮ್ಮನಿಗೆ ನನ್ನ ನಮಸ್ಕಾರ ಹೇಳು. ಹಾಳೆ ಅರ್ಧಕ್ಕೆ ಬಿಡೋಕೆ ಗುಂಡಿಗೆ ಬೇಕು. ನಾನಾಗಿದ್ದರೆ ಪೂರ್ತಿ ಮಾಡಿಸಿಕೊಂಡೇ ಬರ್ತಿದ್ದೆನೇನೋ, ಮೇಲಿನವರಿಗೆ ತೋರಿಸಬೇಕಲ್ಲ.

— ಬರುವಾಗ ಬಸ್ಸಿನಲ್ಲಿ ಮಗ ಮೆಲ್ಲಗೆ ಕೇಳಿದ. ನಾವು ಕ್ರೈಸ್ತರಲ್ಲ, ನಾವು ಯಾಕೆ ಇದನ್ನ ಕಲೀಬೇಕು ಅಂತ. ಇಲ್ಲಿ ಬಹುಪಾಲು ಪ್ರಾಥಮಿಕ ಶಾಲೆಗಳು ಇಂದಿಗೂ ಕ್ಯಾಥೊಲಿಕ್ ಚರ್ಚಿನ ಆಶ್ರಯದ್ದೇ. ಅವನ ತರಗತಿಯಲ್ಲಿ ಪೋಲಿಷ್, ಬ್ರೆಜಿಲ್, ಮಲಯಾಳಿ, ಎಲ್ಲಾ ಕಡೆ ಮಕ್ಕಳಿದ್ದಾರೆ. ನಾನು, ನೀನು ಈ ಊರಲ್ಲಿ ಇರೋದರಿಂದ ಅಂದೆ. ಸಾಲದೇನೋ ಅನ್ನಿಸ್ತು.

— ಸಾಕಲ್ಲ. ನನ್ನ ತರಗತಿಯ ಮುಸ್ಲಿಂ ಹುಡುಗಿ ಕಳೆದ ವರ್ಷ ಬೇಲೂರಿನ ಮದನಿಕೆಯರ ಒಡವೆ ಒಂದೊಂದನ್ನೂ ಪುಸ್ತಕದಲ್ಲಿ ಚಿತ್ರ ಬರ್ಕೊಂಡು ಬಂದಳು. ಅವಳಪ್ಪ ಅಕ್ಕಸಾಲಿಗರ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಇದು ಯಾರದ್ದು ಅಂತ ಅವಳು ಕೇಳಲಿಲ್ಲ. ಇದನ್ನ ಹೇಗೆ ಮಾಡಿದರು ಅಂತ ಕೇಳಿದಳು.

— ಜೂನ್ 3 ಕೆವಿನ್‌ನ ಹಬ್ಬ. ನಾವು ಹೋಗೋದಕ್ಕೂ ಹತ್ತಿರದಲ್ಲೇ ಇತ್ತು. ಹಿಂದೆ ದೊಡ್ಡ ಜಾತ್ರೆ ಆಗ್ತಿತ್ತಂತೆ. ಏಳು ಸಲ ಗ್ಲೆಂಡಲಾಕ್‌ಗೆ ಬಂದರೆ ಒಂದು ಸಲ ರೋಮ್‌ಗೆ ಹೋದ ಪುಣ್ಯ ಅಂತ ಜನ ನಂಬಿದ್ದರು.

— ಅದರ ಚಿತ್ರಾನೇ ಇದೆ, ಜೋಸೆಫ್ ಪೀಕಾಕ್ 1813ರಲ್ಲಿ ಬರೆದದ್ದು, ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಮ್ಯೂಸಿಯಮ್ಮಿನಲ್ಲಿ. ಇಂಟರ್‌ನೆಟ್‌ನಲ್ಲಿ ನೋಡು. ಅದೇ ದುಂಡು ಗೋಪುರ, ಅದರ ಸುತ್ತ ಡೇರೆ, ಅಂಗಡಿ, ಕುಡಿತ, ವ್ಯಾಪಾರ, ತಳ್ಳಾಟ. ಭಕ್ತಿ ಒಂದು ಮೂಲೆಯಲ್ಲಿ. ಜಾತ್ರೆ ಮುಗಿಯೋ ಹೊತ್ತಿಗೆ ಬಡಿದಾಟ ಆಗೋದು ಮಾಮೂಲಿ ಆಗಿ, ಕೊನೆಗೆ 19ನೇ ಶತಮಾನದಲ್ಲಿ ಚರ್ಚಿನ ಹಿರಿಯರೇ ನಿಲ್ಲಿಸಿದರು. ನಾನು ಟೀಚರ್ ಆಗಿದ್ದರೆ ಹೊರಡೋ ಹಿಂದಿನ ದಿನ ಮಕ್ಕಳಿಗೆ ಆ ಚಿತ್ರ ಒಂದನ್ನೇ ತೋರಿಸ್ತಿದ್ದೆ. ನಾಳೆ ಹೋಗಿ ಇದರಲ್ಲಿ ಏನು ಉಳಿದಿದೆ, ಏನಿಲ್ಲ ನೋಡ್ಕೊಂಡು ಬನ್ನಿ ಅಂತಿದ್ದೆ. ಅಷ್ಟೇ ಪಾಠ.

— ಇನ್ನೊಂದು ವಿಷಯ ಮನೆಗೆ ಬಂದಮೇಲೆ ಗೊತ್ತಾಯ್ತು, ಮಗನಿಗೆ ಹೇಳಿದರೆ ನಿದ್ದೆ ಮಾಡಲಿಲ್ಲ. 1153ರಲ್ಲಿ ಲಾರೆನ್ಸ್ ಓಟೂಲ್ ಅನ್ನೋನು ಇಪ್ಪತ್ತೈದರ ಪ್ರಾಯಕ್ಕೇ ಇಲ್ಲಿನ ಮಠಾಧಿಪತಿ ಆದ. 1162ರಲ್ಲಿ ಡಬ್ಲಿನ್ನಿನ ಆರ್ಚ್‌ಬಿಷಪ್. 1180ರಲ್ಲಿ ನಾರ್ಮಂಡಿಯಲ್ಲಿ ತೀರಿಕೊಂಡ. ಅವನ ಹೃದಯವನ್ನ ಡಬ್ಲಿನ್ನಿನ ಕ್ರೈಸ್ಟ್ ಚರ್ಚಿನಲ್ಲಿ ಇಟ್ಟಿದ್ದರು. 2012ರಲ್ಲಿ ಯಾರೋ ಅದನ್ನ ಕದ್ದರು! ಆರು ವರ್ಷ ಆದಮೇಲೆ 2018ರಲ್ಲಿ ಸಿಕ್ಕಿತು.

— ನೋಡು, ಹೃದಯ ಕದಿಯೋ ಕಳ್ಳ! ಅದು ಕಥೆ ಅಲ್ಲ, ಪೊಲೀಸ್ ದಾಖಲೆ. ಇಂಥದ್ದೊಂದು ಇದ್ದರೆ ಹಕ್ಕಿನೂ ಬೇಡ, ಹೆಬ್ಬಾತೂ ಬೇಡ. ಮಠದ ಹುಡುಗ ದೊಡ್ಡ ಪಟ್ಟಕ್ಕೆ ಹೋದದ್ದು ಹೇಗೆ, ಅವನು ಆರ್ಚ್‌ಬಿಷಪ್ ಆಗಿದ್ದಾಗಲೇ 1170ರಲ್ಲಿ ನಾರ್ಮನ್ನರು ಡಬ್ಲಿನ್ ಹಿಡಿದರಲ್ಲ, ಆಗ ಏನು ಮಾಡಿದ, ಎಲ್ಲಾನೂ ಆ ಹೃದಯದಿಂದ ಶುರು ಮಾಡಿ ಹೇಳಬಹುದು. ಮುಂದಿನ ರಜೆಗೆ ಅವನನ್ನ ಕರ್ಕೊಂಡು ಹೋಗಿ ತೋರಿಸು.

— ನೀನು ಬಾ, ಒಟ್ಟಿಗೆ ಹೋಗೋಣ. ಈ ಡಿಸೆಂಬರ್‌ಗೆ ನಿನ್ನ ಪ್ರವಾಸ ಎಲ್ಲಿಗೆ, ಮತ್ತೆ ಬೇಲೂರು ಹಳೇಬೀಡಾ?

— ಇಲ್ಲ. ಹೆಡ್‌ಮಾಸ್ಟರ್ ಹತ್ರ ನಾಳೆನೇ ಮಾತಾಡ್ತೀನಿ. ಮೂರು ಜಾಗ ಅಂತ ಚೀಟಿ ಹೊಡೆಸಿ ದುಡ್ಡು ವಸೂಲಿ ಮಾಡಿದರೆ ಮೂರೂ ತೋರಿಸಲೇಬೇಕು, ಇಲ್ಲದಿದ್ದರೆ ಪೋಷಕರು ಬಾಗಿಲಿಗೆ ಬರ್ತಾರೆ. ಅದಕ್ಕೇ ಮುಂಚೆನೇ ಹೇಳಿಬಿಡೋದು. ಈ ಸಲ ಶ್ರವಣಬೆಳಗೊಳ ಒಂದೇ, ಅದರಲ್ಲೂ ಮೊದಲು ಚಿಕ್ಕ ಬೆಟ್ಟ. ಊಟದವರೆಗೂ ಚಂದ್ರಗಿರಿಯ ಶಾಸನಗಳ ಹತ್ರ ಕೂರೋದು, ಒಬ್ಬೊಬ್ಬರು ಒಂದೊಂದು ಹೆಸರು ಹುಡುಕೋದು. ಗೊಮ್ಮಟ ಆಮೇಲೆ, ಕಾಲಿಗೆ ಶಕ್ತಿ ಉಳಿದಿದ್ದರೆ. ಬೈಯೋರು ಬೈಯಲಿ.